ಈ ವಾರದ ಹೊಸ ರೂಲು

ನಮ್ಮ ಆಫೀಸಿನ ಗೋಡೆಯ ಮೇಲೆ ಕ್ಯಾಲೆಂಡರಿನ ಹಾಳೆ ತಿಂಗಳಿಗೊಮ್ಮೆ ಬದಲಾಗುತ್ತಿತ್ತು, ರೂಲು ವಾರಕ್ಕೊಮ್ಮೆ. ಅಂಥ ಕಡೆ ಇಂಥವು ನಡೆಯದೆ ಇನ್ನೇನು ನಡೆಯುತ್ತದೆ?

ಮುಂಬಯಿಯ ಫೋರ್ಟಿನ ಒಂದು ಗಲ್ಲಿಯಲ್ಲಿ, ಉಡುಪಿ ಹೋಟೆಲಿನ ಮಹಡಿಯ ಮೇಲೆ ನಮ್ಮ ಆಫೀಸು. ಗಲ್ಫ್ ದೇಶಗಳಿಗೆ ಕೂಲಿಗಳನ್ನೂ ಕುಶಲ ಕೆಲಸಗಾರರನ್ನೂ ಕಳಿಸುವುದು ನಮ್ಮ ಸೇಠ್‌ಜಿಯ ದಂಧೆ. ನಾನು ಅಲ್ಲಿ ಟೈಪಿಸ್ಟ್. ಮೈಸೂರಿನಿಂದ ಮದುವೆಯಾಗಿ ಮಾಟುಂಗಕ್ಕೆ ಬಂದವಳು, ಎಂಬತ್ತರ ದಶಕವನ್ನೆಲ್ಲ ಆ ಟೈಪ್‌ರೈಟರಿನ ಮುಂದೆ ಕಳೆದೆ. ನಮ್ಮ ಸರ್ಕಾರದ್ದೊಂದು ರೂಲು, ಆ ದೇಶದ್ದೊಂದು ರೂಲು. ಎರಡೂ ಒಂದನ್ನೊಂದು ನೋಡಿದ್ದೇ ಇಲ್ಲ. ಸೇಠ್‌ಜಿ ಬೆಳಿಗ್ಗೆ ಬಾಗಿಲಲ್ಲೇ ನಿಂತು, ಹೋಟೆಲಿನಲ್ಲಿ ಇವತ್ತಿನ ಸ್ಪೆಷಲ್ ಏನು ಎಂದು ಕೇಳುವ ಹಾಗೆ, "ಆಜ್ ಕಾ ರೂಲ್ ಕ್ಯಾ ಹೈ?" ಎಂದು ಕೇಳುತ್ತಿದ್ದರು. ಟೆಲೆಕ್ಸ್ ಯಂತ್ರದಲ್ಲಿ ಬಂದ ಸಂದೇಶ ನೋಡಿ ನಾನು ಹೇಳಬೇಕು. ಗಲ್ಫಿಗೆ ಹೊರಟು ಬೆಂಚಿನ ಮೇಲೆ ಕೂತವರು ನನ್ನ ಬಾಯನ್ನೇ ನೋಡುತ್ತಿದ್ದರು.

ಗೌಂಡಿಯ ಕ್ಷೌರ

ಬಿಜಾಪುರದ ಕಡೆಯ ಒಬ್ಬ ಗೌಂಡಿ. ಅಂಧೇರಿಯಲ್ಲಿ ಬಿಲ್ಡಿಂಗ್ ಕಟ್ಟುತ್ತ, ಆ ಬಿಲ್ಡಿಂಗಿನ ಬುಡದಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದವನು. ಅವನ ಕಾಗದಪತ್ರವೆಲ್ಲ ಮುಗಿಯಿತು ಎನ್ನುವಾಗ ಟೆಲೆಕ್ಸ್ ಬಂತು: ಗೌಂಡಿಗಳ ಪರ್ಮಿಟ್ ಬಂದ್. ಕ್ಷೌರಿಕರದ್ದು ಮಾತ್ರ ಚಾಲೂ.

ಸೇಠ್‌ಜಿ ಒಂದು ನಿಮಿಷವೂ ಯೋಚಿಸಲಿಲ್ಲ. "ಬಾರ್ಬರ್ ಅಂತ ಟೈಪ್ ಮಾಡು. ಅಲ್ಲಿ ಹೋದ ಮೇಲೆ ಗೋಡೆ ಕಟ್ಟಲಿ, ಯಾರು ನೋಡ್ತಾರೆ?"

ಗೌಂಡಿ ನನ್ನ ಕಡೆ ತಿರುಗಿದ. "ಅಕ್ಕಾರ, ನನ್ನ ಗಡ್ಡಾನ ನಾ ಮಾಡ್ಕೊಳ್ಳಾಂಗಿಲ್ರಿ. ಮಂದೀದು ಹ್ಯಾಂಗ ಮಾಡ್ಲಿ?"

ಮಾಡಲೇಬೇಕಾಯಿತು. ಆ ದೇಶದ ಕಂಪನಿಯವನೊಬ್ಬ ಪರೀಕ್ಷೆ ಮಾಡಲು ಬಂದು ಕೂತಿದ್ದ. ಗಿರಾಕಿಯಾಗಿ ನಮ್ಮ ಅಕೌಂಟೆಂಟರನ್ನು ಕುರ್ಚಿಯಲ್ಲಿ ಕೂರಿಸಿದರು. ಪಾಪ, ಅವರು ಬೆಳಿಗ್ಗೆಯಷ್ಟೇ ಗಡ್ಡ ಮಾಡಿಕೊಂಡು ಬಂದಿದ್ದರು. ಗೌಂಡಿ ಸೋಪಿನ ನೊರೆಯನ್ನು ಹದವಾಗಿ ಕಲಸಿದ. ಗಲ್ಲದಿಂದ ಕಿವಿಯವರೆಗೆ ಒಂದೇ ಎಳೆತಕ್ಕೆ ಬಳಿದ. ಮೂಗಿನ ಹೊಳ್ಳೆ ತೂತೆಂದು ಕಂಡಿತೋ ಏನೋ, ಅದನ್ನೂ ಮುಚ್ಚಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಲೆವೆಲ್ ನೋಡಿದ. ಎಡ ಕೆನ್ನೆ ಸ್ವಲ್ಪ ಉಬ್ಬಿದೆ ಅನ್ನಿಸಿತು, ಕತ್ತಿಯ ಬೆನ್ನಿನಿಂದ ಒತ್ತಿ ಸರಿಮಾಡಿದ. ಅಕೌಂಟೆಂಟರು ಉಸಿರು ಬಿಡಲು ಬಾಯಿ ತೆರೆದರು. ಗೌಂಡಿ, "ಅಳ್ಳಾಡಬ್ಯಾಡ್ರಿ, ಇನ್ನೂ ಹಸೀ ಐತಿ" ಎಂದ.

ಕಂಪನಿಯವನು ನಕ್ಕು ನಕ್ಕು ಪಾಸು ಮಾಡಿದ.

ಕೆಲವು ವರ್ಷಗಳ ಮೇಲೆ ಅದೇ ಗೌಂಡಿ ಆಫೀಸಿಗೆ ಬಂದ. ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ. "ಗೋಡೆ ಕಟ್ಟೋ ಕೆಲಸ ಸಿಕ್ಕಿತಾ?" ಎಂದು ಕೇಳಿದೆ.

"ಎಲ್ಲೀದ್ರಿ ಅಕ್ಕಾರ. ಕಾಗದದಾಗ ಕ್ಷೌರದವ ಅಂತಿತ್ತಲ್ಲ? ಮರಳಿನಾಗ ಕುರಿ ಹಟ್ಟಿಗೆ ಒಯ್ದು ಬಿಟ್ರು. ಕುರಿ ಕೂದ್ಲಾ ಕತ್ತರಸೂದು. ನಾ ಗೌಂಡಿ, ಗೌಂಡಿ ಅಂತ ಎದಿ ಎದಿ ಬಡ್ಕೊಂಡೆ, ಮಾತಾಡಾಕ ಒಬ್ಬ ಮನಶ್ಯಾ ಇರಲಿಲ್ಲ." ಮುಖ ಒರೆಸಿಕೊಂಡು ಹೇಳಿದ: "ಒಂದ್ ಮಾತ್ರ ಛಲೋ ಆತ್ರಿ. ಯಾವ ಕುರೀನೂ ನನ್ನ ಪರ್ಮಿಟ್ ಕೇಳಲಿಲ್ಲ."

ಹೆಬ್ಬೆಟ್ಟಿನ ಬಿ.ಎ.

ತುಮಕೂರಿನ ಒಬ್ಬ ಹುಡುಗ ಬಿ.ಎ. ಮಾಡಿಕೊಂಡು ಮುಂಬಯಿಗೆ ಬಂದು, ಮಾಟುಂಗದ ಹೋಟೆಲಿನಲ್ಲಿ ಇಡ್ಲಿ ಸಪ್ಲೈ ಮಾಡುತ್ತಿದ್ದ. ಅವನಿಗೆ ಸಿಕ್ಕಿದ್ದು ಕೂಲಿಯ ವೀಸಾ. ಅದೇ ಸಮಯಕ್ಕೆ, ಓದಿದವರು ಕೂಲಿ ವೀಸಾದಲ್ಲಿ ಹೊರಟರೆ ಅನುಮಾನಿಸಿ ತಡೆಯಬೇಕು ಎಂದು ನಮ್ಮ ಕಡೆ ಹೊಸ ರೂಲು ಬಂದಿದೆ ಎಂಬ ಸುದ್ದಿ ಹಬ್ಬಿತು. ರೂಲನ್ನು ಯಾರೂ ಕಂಡಿರಲಿಲ್ಲ, ಹೆದರಿಕೆ ಮಾತ್ರ ಎಲ್ಲರಿಗೂ ಇತ್ತು.

"ಅಕ್ಷರ ಬರಲ್ಲ ಅಂತ ಹೇಳು. ಅಂಗೂಠಾ ಒತ್ತು" ಎಂದರು ಸೇಠ್‌ಜಿ.

ಹುಡುಗನ ಮುಖ ಸಣ್ಣಗಾಯಿತು. "ಮೇಡಂ, ನಮ್ಮಪ್ಪ ಹೆಬ್ಬೆಟ್ಟು. ನನ್ನ ಮಗ ಹೆಬ್ಬೆಟ್ಟು ಆಗಬಾರದು ಅಂತ ಎತ್ತು ಮಾರಿ ಓದಿಸಿದ್ದು" ಎಂದ. ಹಾಗೆಂದವನೇ ಇಂಕ್ ಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಿ ಅಭ್ಯಾಸ ಮಾಡತೊಡಗಿದ. ಮೊದಮೊದಲು ಹೆಬ್ಬೆಟ್ಟನ್ನೂ ಸಹಿಯ ಹಾಗೆ ಬಲಕ್ಕೆ ಎಳೆದುಬಿಡುತ್ತಿದ್ದ.

ಕಾಗದ ತೆಗೆದುಕೊಂಡು ಸರ್ಕಾರದ ವಲಸೆ ಕಚೇರಿಗೆ ನಾನೇ ಅವನ ಜೊತೆ ಹೋದೆ. ಅಧಿಕಾರಿ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹುಡುಗ ಹೆಬ್ಬೆಟ್ಟು ಒತ್ತಿದ. ಅಧಿಕಾರಿ ತಲೆ ಎತ್ತದೆ, ಇಂಗ್ಲಿಷಿನಲ್ಲಿ, ತಮಗೆ ತಾವೇ ಹೇಳಿಕೊಂಡಂತೆ, "ಯುವರ್ ಶರ್ಟ್ ಬಟನ್ ಈಸ್ ಓಪನ್" ಎಂದರು.

ಹುಡುಗ ತಟ್ಟನೆ ಕೆಳಗೆ ನೋಡಿಕೊಂಡ. ಬಟನ್ನೆಲ್ಲ ಸರಿಯಾಗಿಯೇ ಇದ್ದವು.

"ಎಷ್ಟು ಓದಿದ್ದೀ?"

"ಬಿ.ಎ., ಸರ್. ಹಿಸ್ಟರಿ."

"ಕ್ಲಾಸ್?"

"ಸೆಕೆಂಡ್, ಸರ್."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೇನು ಕಾಗದ ಹರಿದು ಎಸೆಯುತ್ತಾರೆ ಎಂದುಕೊಂಡೆ. ಅವರು ಠಸ್ಸೆ ಒತ್ತಿ ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ ಕೇಳಿದರು: "ನನ್ನ ಮಗ ಫಸ್ಟ್ ಕ್ಲಾಸ್. ನಿಮ್ಮ ಸೇಠ್ ಹತ್ತಿರ ಕೂಲಿ ವೀಸಾ ಇನ್ನೊಂದಿದೆಯಾ?"

ಈ ಕಡೆ ಮುದುಕಿ, ಆ ಕಡೆ ಹುಡುಗಿ

ಉಡುಪಿ ಕಡೆಯ ಒಬ್ಬ ಹೆಂಗಸು ವಿಲೆ ಪಾರ್ಲೆಯಲ್ಲಿ ಯಾರದೋ ಮಗು ನೋಡಿಕೊಳ್ಳುತ್ತಿದ್ದಳು. ಗಂಡ ಕೆಲಸಕ್ಕಿದ್ದ ಬಟ್ಟೆ ಗಿರಣಿ ಮುಷ್ಕರದಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆರೆಯಲಿಲ್ಲ. ಅವನು ದಿನವೂ ಹೋಗಿ ಗೇಟು ನೋಡಿಕೊಂಡು ಬರುವುದನ್ನೇ ಕೆಲಸ ಮಾಡಿಕೊಂಡಿದ್ದ. ಇವಳು ಗಲ್ಫಿಗೆ ಮನೆಗೆಲಸಕ್ಕೆ ಹೊರಟು ನಿಂತಳು.

ಮನೆಗೆಲಸಕ್ಕೆ ಹೋಗುವ ಹೆಂಗಸು ತೀರ ಚಿಕ್ಕವಳಾಗಿರಬಾರದು ಎಂದು ನಮ್ಮ ಕಡೆಯ ರೂಲು. ಹೆಂಗಸರ ರಕ್ಷಣೆಗಂತೆ. ಆ ಕಡೆಯ ಮನೆಯೊಡತಿ, ವಯಸ್ಸಾದವರು ಬೇಡ, ಗಟ್ಟಿಮುಟ್ಟಾದ ಹುಡುಗಿ ಬೇಕು ಎಂದು ಹೇಳಿ ಕಳಿಸಿದ್ದಳು. ಅದು ಅವಳ ರೂಲು.

"ಎಂತ ಮಾಡುದು ಅಕ್ಕ? ನಾನು ಎಷ್ಟು ವಯಸ್ಸಿನವಳಾಗ್ಬೇಕು?" ಎಂದು ಕೇಳಿದಳು.

ನಮ್ಮ ಬಾತ್‌ರೂಮಿನ ಕನ್ನಡಿಯ ಮುಂದೆ ನಾನೇ ಅವಳ ತಲೆಗೆ ಪೌಡರ್ ತಿಕ್ಕಿದೆ. ಮಾಸಿದ ಸೀರೆ ಉಡಿಸಿದೆ. ಅವಳು ಸೊಂಟ ಹಿಡಿದುಕೊಂಡು ಕೆಮ್ಮುತ್ತ ಹೋದಳು. ಕೆಮ್ಮು ಎಷ್ಟು ಚೆನ್ನಾಗಿತ್ತೆಂದರೆ ವಲಸೆ ಕಚೇರಿಯ ಗುಮಾಸ್ತ ಎದ್ದು ಕುರ್ಚಿ ಕೊಟ್ಟನಂತೆ, ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಬೇಕೇನಮ್ಮ ಎಂದನಂತೆ. ವಿಮಾನ ಹೊರಡುವ ದಿನವೂ ಅದೇ ವೇಷ. ವಿಮಾನ ಏರಿದ ಮೇಲೆ ಅದರ ಬಾತ್‌ರೂಮಿನಲ್ಲಿ ತಲೆ ತೊಳೆದು, ಎರಡು ಜಡೆ ಹಾಕಿಕೊಂಡು, ಬೊಟ್ಟು ತಿದ್ದಿಕೊಂಡು ಬಂದು ಕೂತಳು. ಪಕ್ಕದ ಸೀಟಿನ ಹೆಂಗಸು ಗಾಬರಿಯಾಗಿ, "ಇಲ್ಲೊಬ್ಬರು ಅಜ್ಜಿ ಕೂತಿದ್ದರು, ಅವರೆಲ್ಲಿ?" ಎಂದು ಕೇಳಿದಳಂತೆ.

ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ವಾಪಸು ಬಂದ ಮೇಲೆ, ಮಾಟುಂಗದ ಮಾರ್ಕೆಟಿನಲ್ಲಿ ಸಿಕ್ಕಾಗ. ನನಗೆ ಮೊದಲು ಗುರುತೇ ಸಿಗಲಿಲ್ಲ. ಆ ಮನೆಯಲ್ಲಿ ಹಗಲಿಲ್ಲ, ರಾತ್ರಿಯಿಲ್ಲ, ಹೊರಗಿನಿಂದ ಬಾಗಿಲಿಗೆ ಬೀಗ. ನಾನು ಅವಳ ತಲೆಯನ್ನೇ ನೋಡುತ್ತಿದ್ದೆ. ಅವಳು ಕೂದಲಿಗೆ ಕೈ ಹಾಕಿ ನಕ್ಕಳು.

"ಇನ್ನು ಪೌಡರ್ ಬೇಡ ಅಕ್ಕ. ಇದು ಒರಿಜಿನಲ್."

ರೈಲ್ವೆ ಪಾಸು

ಆ ದೇಶಗಳಲ್ಲಿ ಮಾಲೀಕ ಬಿಡುಗಡೆ ಪತ್ರ ಕೊಡದೆ ಕೆಲಸಗಾರ ಇನ್ನೊಂದು ಕಡೆ ಸೇರುವಂತಿಲ್ಲ. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ. ಈ ರೂಲನ್ನು ಎಷ್ಟು ಸಲ ಟೈಪ್ ಮಾಡಿದ್ದೆನೋ. ಒಮ್ಮೆ ನನಗೇ ಫೋರ್ಟಿನ ಇನ್ನೊಂದು ಆಫೀಸಿನಲ್ಲಿ ಕೆಲಸ ಸಿಗುವ ಹಾಗಾಯಿತು. ರಿಲೀವಿಂಗ್ ಲೆಟರ್ ಕೇಳಿದೆ.

ಸೇಠ್‌ಜಿ ಹೊಟ್ಟೆ ಕುಣಿಸಿಕೊಂಡು ನಕ್ಕರು. "ರಿಲೀಸ್ ನಹೀ ಮಿಲೇಗಾ! ಇಲ್ಲೂ ಅದೇ ರೂಲ್. ಪಾಸ್‌ಪೋರ್ಟ್ ಇಡು." ನನಗೆ ಪಾಸ್‌ಪೋರ್ಟ್ ಇಲ್ಲ ಎಂದೆ. "ಹಾಗಾದರೆ ರೈಲ್ವೆ ಪಾಸ್ ಇಡು!"

ಇಡೀ ಆಫೀಸು ನಕ್ಕಿತು. ನಾನೂ ನಕ್ಕೆ. ಲೆಟರ್ ಮಾತ್ರ ಅವರು ಕೊಡಲೇ ಇಲ್ಲ.

ಅವಧಿ ಮುಗಿಯದ ವೀಸಾ

ತೊಂಬತ್ತರಲ್ಲಿ ಗಲ್ಫಿನ ಒಂದು ದೇಶದೊಳಗೆ ಪಕ್ಕದ ದೇಶದ ಸೈನ್ಯ ನುಗ್ಗಿತಲ್ಲ, ಆಗ ಉಟ್ಟ ಬಟ್ಟೆಯಲ್ಲಿ ಓಡಿಬಂದವರು ನಮ್ಮ ಮೆಟ್ಟಿಲ ಮೇಲೆಲ್ಲ ಕೂತಿದ್ದರು. ಅದರಲ್ಲೊಬ್ಬ ಪೈಂಟರ್, ಬಸ್ಸು, ಲಾರಿ, ಡೇರೆ, ಎಲ್ಲ ದಾಟಿ ಬಂದವನು, ತನ್ನ ವೀಸಾವನ್ನು ಮೇಜಿನ ಮೇಲೆ ಬಿಡಿಸಿ ಇಟ್ಟ.

"ನೋಡಿ ಸೇಠ್‌ಜಿ, ಇದರ ಅವಧಿ ಇನ್ನೂ ಮುಗಿದಿಲ್ಲ."

ಸೇಠ್‌ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹೌದಪ್ಪ, ವೀಸಾದ್ದು ಮುಗಿದಿಲ್ಲ. ದೇಶದ್ದು ಮುಗಿದಿದೆ."

ದುಬೈಯಿಂದ ಕ್ಯಾಸೆಟ್ಟು

ಇಷ್ಟರಲ್ಲೆಲ್ಲ ನಾನು ಅತಿ ಹೆಚ್ಚು ನಕ್ಕಿದ್ದು ಇದಕ್ಕೆ.

ಮಂಡ್ಯದ ಕಡೆಯ ಒಬ್ಬ ಎಲೆಕ್ಟ್ರಿಶಿಯನ್. ಹೆಂಡತಿ, ಪುಟ್ಟ ಮಗಳ ಜೊತೆ ಘಾಟ್‌ಕೋಪರಿನ ಒಂದು ಚಾಳಿನಲ್ಲಿ, ಅಂದರೆ ಒಂದೊಂದು ಕೋಣೆಯ ಮನೆಗಳ ವಠಾರದಲ್ಲಿ, ಇದ್ದ. ದುಬೈಗೆ ಹೊರಟಾಗ ಇಡೀ ಚಾಳು ಹಾರ ಹಾಕಿ, ಫೋಟೋ ತೆಗೆಸಿ, ಏರ್‌ಪೋರ್ಟಿನ ತನಕ ಬಂದು ಕಳಿಸಿತು. ಅವನು ಆಕಾಶದಲ್ಲಿದ್ದಾಗ ರೂಲು ಬದಲಾಯಿತು. ಅಲ್ಲಿಯವರೆಗೆ ಪರ್ಮಿಟ್ಟಿನ ಜೆರಾಕ್ಸ್ ಸಾಕಿತ್ತು, ಇನ್ನು ಮುಂದೆ ಅಸಲೇ ಬೇಕು ಎಂದರು. ಇಳಿದವನನ್ನು ಅದೇ ವಿಮಾನ ಹತ್ತಿಸಿ ವಾಪಸು ಕಳಿಸಿದರು.

ಹಾರ ಇನ್ನೂ ಬಾಡಿರಲಿಲ್ಲ. ಯಾವ ಮುಖ ಹೊತ್ತುಕೊಂಡು ಚಾಳಿಗೆ ಹೋಗುವುದು? ಏರ್‌ಪೋರ್ಟಿಗೆ ಹತ್ತಿರದ ವಿಲೆ ಪಾರ್ಲೆ ಸ್ಟೇಷನ್ ಪಕ್ಕದಲ್ಲಿ ಸ್ನೇಹಿತನೊಬ್ಬನ ಖೋಲಿಯಲ್ಲಿ ಅಡಗಿ ಕೂತ. ಅಲ್ಲಿಂದ ಮನೆಗೆ ದಾದರ್‌ನಲ್ಲಿ ಒಂದು ಗಾಡಿ ಬದಲಾಯಿಸಿದರೆ ಸಾಕಿತ್ತು. ಸೇಠ್‌ಜಿ "ಅಗ್ಲೇ ಹಫ್ತೇ, ಅಗ್ಲೇ ಹಫ್ತೇ" ಎಂದು ತಳ್ಳುತ್ತ ಹೋದರು. ಆ ಮುಂದಿನ ವಾರ ಬರುವಷ್ಟರಲ್ಲಿ ಇನ್ನೊಂದು ರೂಲು ಬರುತ್ತಿತ್ತು. ಮಳೆಗಾಲವೇ ಮುಗಿಯಿತು.

ಒಂದು ದಿನ ಅವನು ನನ್ನ ಕೈಗೊಂದು ಕ್ಯಾಸೆಟ್ಟು ಕೊಟ್ಟ. ಆಗೆಲ್ಲ ಗಲ್ಫಿನಲ್ಲಿದ್ದವರು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. "ಮೇಡಂ, ದುಬೈಯಿಂದ ಬಂದವರು ಆಫೀಸಿಗೆ ತಂದುಕೊಟ್ಟರು ಅಂತ ಹೇಳಿ ಮನೆಗೆ ಕೊಟ್ಟುಬಿಡಿ. ಅವಳು ಕಾಯ್ತಾ ಇರ್ತಾಳೆ. ತಲೆ ಮೇಲೆ ವಿಮಾನ ಹೋಗೋ ಟೈಮ್ ನೋಡ್ಕೊಂಡೇ ರೆಕಾರ್ಡ್ ಮಾಡಿದೀನಿ, ಅಸಲಿ ಅನ್ನಿಸುತ್ತೆ" ಎಂದ.

ನಾನು ಹೋದಾಗ ಅವನ ಹೆಂಡತಿ ಟೇಪ್‌ರೆಕಾರ್ಡರ್ ಸಾಲ ತಂದು ಬಾಗಿಲಲ್ಲಿಟ್ಟಳು. ಅಕ್ಕಪಕ್ಕದವರೆಲ್ಲ ಬಂದು ನೆಲದ ಮೇಲೆ ಕೂತರು.

"ನಾನು ದುಬೈಯಿಂದ ಮಾತಾಡ್ತಾ ಇದೀನಿ" ಎಂದಿತು ಕ್ಯಾಸೆಟ್ಟು. ವಿಮಾನ ಗುಡುಗಿತು. ಜನ ತಲೆದೂಗಿದರು. "ಇಲ್ಲಿ ಭಾರಿ ಬಿಸಿಲು. ಎತ್ತ ನೋಡಿದರೂ ಮರಳು. ಒಂಟೆ ಬಿಟ್ಟರೆ ಒಂದು ನರಪಿಳ್ಳೆ ಇಲ್ಲ..."

ಅಷ್ಟರಲ್ಲಿ ಅವನ ಹಿಂದಿನಿಂದ ಸೊಪ್ಪು ಮಾರುವವಳ ಗಟ್ಟಿ ದನಿ ಬಂತು: "ಏ ಮೇಥೀ, ಪಾಲಕ್, ಕೋಥಿಂಬೀರ್!" ಅದರ ಬೆನ್ನಿಗೇ ಸ್ಟೇಷನ್ನಿನ ಲೌಡ್‌ಸ್ಪೀಕರ್, ಬೋರಿವಲಿಗೆ ಹೋಗುವ ಸ್ಲೋ ಲೋಕಲ್ ಗಾಡಿ ಬರುತ್ತಿದೆ ಎಂದು ಕೂಗಿ ಹೇಳಿತು.

ನಾನು ನೆಲ ನೋಡುತ್ತ ಕೂತೆ. ಪಕ್ಕದ ಖೋಲಿಯ ಮರಾಠಿ ಅಜ್ಜಿ ಕೇಳಿದಳು: "ದುಬೈಯಿಂದ ಬೋರಿವಲಿಗೆ ಡೈರೆಕ್ಟ್ ಗಾಡಿ ಇದೆಯಾ?"

ಹೆಂಡತಿ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸಲಿಲ್ಲ. "ಅಲ್ಲಿ ನಮ್ಮ ಮುಂಬಯಿಯೋರೇ ಜಾಸ್ತಿ ಇದಾರಂತೆ ಆಜಿ. ಎಲ್ಲ ಇಲ್ಲಿ ಥರಾನೇ ಮಾಡ್ಕೊಂಡಿದಾರೆ" ಎಂದು, ಡಬ್ಬಿ ತೆಗೆದು ಎಲ್ಲರಿಗೂ ಫಾರಿನ್ ಚಾಕಲೇಟು ಹಂಚಿದಳು. ಅವರು ತಿಂದು ಎದ್ದು ಹೋದರು.

ನಾವಿಬ್ಬರೇ ಉಳಿದೆವು. "ಚಾಕಲೇಟು ಯಾರು ತಂದುಕೊಟ್ಟರು?" ಎಂದು ಕೇಳಿದೆ.

"ನಾನೇ. ಕ್ರಾಫರ್ಡ್ ಮಾರ್ಕೆಟ್‌ನಿಂದ. ಅವರು ವಾಪಸ್ ಬಂದ ವಾರಾನೇ ನನ್ನ ತಮ್ಮ ಪಾರ್ಲೆಯಲ್ಲಿ ಅವರನ್ನ ನೋಡಿದ್ದ. ಅವರಾಗಿ ಬರಲಿ ಅಂತ ಸುಮ್ಮನಿದ್ದೆ. ಚಾಳಿನವರ ಎದುರು ಅವರ ಮಾನ ಹೋಗಬಾರದಲ್ಲ?" ಎಂದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಕ್ಯಾಸೆಟ್ಟನ್ನು ಮಗುಚಿ ಹಾಕಿ, ರೆಕಾರ್ಡ್ ಬಟನ್ ಒತ್ತಿ, ಬಹಳ ದೂರದವರನ್ನು ಕರೆಯುವ ಹಾಗೆ ಗಟ್ಟಿಯಾಗಿ ಮಾತಾಡಿದಳು:

"ನಾವೆಲ್ಲ ಚೆನ್ನಾಗಿದೀವಿ. ಮಗಳು ದಿನಾ ನಿಮ್ಮನ್ನ ಕೇಳ್ತಾಳೆ. ಮರಳಲ್ಲಿ ಒಬ್ಬರೇ ಕೂತು ಒದ್ದಾಡಬೇಡಿ, ಬಂದುಬಿಡಿ. ಭಾನುವಾರ ಬನ್ನಿ, ರಶ್ ಇರಲ್ಲ. ದುಬೈಯಿಂದ ಬರುವಾಗ ದಾದರ್‌ನಲ್ಲಿ ಗಾಡಿ ಬದಲಾಯಿಸೋದು ಮರೀಬೇಡಿ."