ಅಕ್ಕಿಕಾಳಿನ ಆಲ್ಬಮ್

ಜೇವರ್ಗಿಯ ಸಿದ್ದರಾಮೇಶ ಆಲ್ಬಮ್ ಮಾಡಿದ್ದೇ ತಪ್ಪಾಯಿತು. ಮಾಡಿದ, ಸರಿ; ಅದರಲ್ಲಿ ಒಂದು ಹಾಡಾದರೂ ಇಡಬಾರದಿತ್ತೆ? ಬರೀ ವಾದ್ಯ. ಸೋಲ್, ಜಾಝ್, ಫಂಕ್ ಎಂಬ ಮೂರು ವಿದೇಶಿ ಸಂಗೀತ ಶೈಲಿಗಳನ್ನು ಬೆರೆಸಿ, ತನ್ನ ಸ್ಯಾಕ್ಸೊಫೋನಿಗೆ ಗೆಳೆಯ ಮುಜಮ್ಮಿಲನ ಡ್ರಮ್ಮು ಸೇರಿಸಿ ವರ್ಷಗಟ್ಟಲೆ ಒದ್ದಾಡಿದ್ದ. ಕೇಳಿಸಿಕೊಂಡವರೆಲ್ಲ ಅರ್ಧಕ್ಕೇ ಎದ್ದುಹೋದರು. ಸೋದರತ್ತೆ ಮಲ್ಕಮ್ಮ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕೂತು, "ಹಾಡಾವ್ರು ಯಾವಾಗ ಬರ್ತಾರೋ ಸಿದ್ದೂ?" ಎಂದಿದ್ದಳು.

ಯಾರಾದರೂ ಒಮ್ಮೆ ಕೊನೆಯವರೆಗೆ ಕೇಳಬೇಕು, ಅಷ್ಟೇ ಅವನ ಆಸೆ. ಅದಕ್ಕೇ ಊರಿನ ದೌಲತರಾಯರ ಮಗಳ ಮದುವೆ ಎಂದಾಗ ಅವನ ತಲೆ ಓಡಿತು. ವಧೂವರರ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳದೆ ಊಟವಿಲ್ಲ. ಊಟವಾಗದೆ ಯಾರೂ ಮಂಟಪ ಬಿಟ್ಟು ಹೋಗುವವರಲ್ಲ. ಇಂಥ ಕೇಳುಗರು ಇನ್ನೆಲ್ಲಿ ಸಿಕ್ಕಾರು? ವರನ ಮೆರವಣಿಗೆ ಬರುವತನಕ ಆಲ್ಬಮ್ ಹಾಕುತ್ತೇನೆಂದು ದೌಲತರಾಯರನ್ನು ಕಾಡಿಬೇಡಿ ಒಪ್ಪಿಸಿದ.

ಮೆರವಣಿಗೆ ಹನುಮಾನ ಗುಡಿಯ ಮುಂದೆ ಕುಣಿಯುತ್ತ ನಿಂತೇಬಿಟ್ಟಿತ್ತು. ಮಂಟಪದಲ್ಲಿ ಜನ ಅಕ್ಕಿಕಾಳನ್ನು ಮುಷ್ಟಿಯಲ್ಲಿ ಹಿಡಿದು, ಎಣ್ಣೆಗಾಯಿಯ ವಾಸನೆಯಲ್ಲೇ ಅರ್ಧ ಹೊಟ್ಟೆ ತುಂಬಿಸಿಕೊಳ್ಳುತ್ತ ಕೂತಿದ್ದರು. ಸ್ಯಾಕ್ಸೊಫೋನ್ ಮೆಲ್ಲಗೆ ಶುರುವಾಯಿತು. ಯಾರೂ ಏಳಲಿಲ್ಲ. ಸಿದ್ದರಾಮೇಶನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಮುಜಮ್ಮಿಲನ ಡ್ರಮ್ಮು ಧಡಧಡ ಅಂತ ಏರಿತು. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಮಲ್ಕಮ್ಮ ಬೆಚ್ಚಿಬಿದ್ದು, ಮುಹೂರ್ತದ ಬಾಜಾ ಬಾರಿಸಿದರೆಂದುಕೊಂಡು ಅಕ್ಕಿಕಾಳು ಎಸೆದೇಬಿಟ್ಟಳು. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಇಡೀ ಮಂಟಪ. ವೇದಿಕೆಯ ಮೇಲೆ ಮೈಕಿನ ವೈರು ಸರಿಮಾಡುತ್ತಿದ್ದ ಸಿದ್ದರಾಮೇಶ ಒಬ್ಬನೇ ಅಷ್ಟೂ ಆಶೀರ್ವಾದದಲ್ಲಿ ಮಿಂದ. ವರ ಯಾರು, ವಧು ಎಲ್ಲಿ ಎಂದು ನೋಡುವ ಪುರುಸೊತ್ತು ಯಾರಿಗಿತ್ತು? ಎಲ್ಲರೂ ಊಟಕ್ಕೆ ನುಗ್ಗಿದರು.

ವರ ಬಂದಾಗ ಖಾಲಿ ಕುರ್ಚಿಗಳು ಸ್ವಾಗತಿಸಿದವು. ಬೀಗರ ಮುಖ ನೋಡಲಾಗದೆ ದೌಲತರಾಯರು ಅಡುಗೆಮನೆಯಿಂದ ಒಂದು ಬುಟ್ಟಿ ಅಕ್ಕಿ ತರಿಸಿ ಸಿದ್ದರಾಮೇಶನ ಮುಂದಿಟ್ಟರು.

"ಎಲ್ಲಾರ ಪಾಲಿಂದೂ ನೀನೇ ಹಾಕಪಾ."

ತೋಳು ಸೋಲುವತನಕ ಹಾಕಿದ. ಆ ಗಡಿಬಿಡಿಯಲ್ಲಿ ಆಲ್ಬಮ್ ಯಾವಾಗ ಮುಗಿಯಿತೋ, ಕೊನೆಯವರೆಗೆ ಅವನೂ ಕೇಳಲಿಲ್ಲ.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಲ್ಕಮ್ಮ ಬಂದಳು.

"ನಿನ್ನ ಬಾಜಾ ಭಾಳ ಚೊಲೊ ಐತೋ ಸಿದ್ದೂ. ಸೋಮವಾರ ಕೊಳಕೂರದಾಗ ನಮ್ಮ ಬೀಗರ ಮನ್ಯಾಗ ಲಗ್ನ ಐತಿ. ನಿಂದೇ ಇರ್ಬೇಕಂತ ಹೇಳೇನಿ."

ಸಿದ್ದರಾಮೇಶನ ತೋಳುನೋವು ಎಲ್ಲಿ ಹೋಯಿತೋ.

"ಪೂರಾ ಕೇಳ್ತಿಯೇನತ್ತಿ?"

"ಪೂರಾ ಯಾಕೋ? ನಾವು ಹೋಗಿ ಕುಂತ ಕೂಡ್ಲೆ ಆ ಧಡಧಡ ಅನ್ನೋದಷ್ಟ ಹಚ್ಚು. ಉಳಿದದ್ದು, ನಾವು ಉಂಡು ಹ್ವಾದ ಮ್ಯಾಲ ನೀನ ಹಚ್ಕೊಂಡು ಕೇಳು."