ಬಸ್ಸಿಗೊಬ್ಬ ಬಡವ ಬೇಕಾಗಿತ್ತು

ದುರಗೇಶ ಅಂದು ಹೊಸ ಅಂಗಿಗೆ ಇಸ್ತ್ರಿ ಹಾಕಿಸಿದ್ದೇ ತಪ್ಪಾಯಿತು.

ರೋಣದಲ್ಲಿ ಸುಟ್ಟ ಮೋಟಾರು, ನಿಂತ ಫ್ಯಾನು ರಿಪೇರಿ ಮಾಡುವ ಅವನಿಗೆ ಮೂವತ್ನಾಲ್ಕು ತುಂಬಿದರೂ ಮದುವೆ ಕೂಡಿಬಂದಿರಲಿಲ್ಲ. ಪಕ್ಕದ ಮನೆಯ ಶಂಕ್ರವ್ವ ಹಟ ಹಿಡಿದು ಗಜೇಂದ್ರಗಡದಲ್ಲಿ ಒಂದು ಹೆಣ್ಣು ಹುಡುಕಿದ್ದಳು. ಹನ್ನೆರಡರೊಳಗೆ ಅಲ್ಲಿರಬೇಕಿತ್ತು. ಬಸ್ ನಿಲ್ದಾಣದ ಹೊರಗೆ ಗಜೇಂದ್ರಗಡಕ್ಕೆ ಪುಕ್ಕಟೆ ಕರೆದೊಯ್ಯುವ ಬಸ್ಸೊಂದು ನಿಂತದ್ದನ್ನು ಕಂಡವಳೇ ಅವನನ್ನು ದರದರ ಎಳೆದುಕೊಂಡು ಹತ್ತಿಸಿದಳು.

ಒಳಗೆ ನೋಡಿದರೆ ಬರೀ ಕ್ಯಾಮೆರಾ. ಪುಣೆಯಲ್ಲಿ ನಾಲ್ಕು ಪೈಪ್ ಕಾರ್ಖಾನೆಗಳ ಒಡೆಯರಾದ ರಾಜವರ್ಧನ ಸಾಹೇಬರು ಹೊಸ ಪಕ್ಷ ಕಟ್ಟಿದ್ದರು. ತಾನೂ ಜನರಲ್ಲೊಬ್ಬ ಎಂದು ತೋರಿಸಲು ಅಂದು ಬಡವರ ಜೊತೆ ಬಸ್ ಪ್ರಯಾಣ ಹೊರಟಿದ್ದರು. ಅವರ ಉದ್ದನೆಯ ಕಾರು ಎಮ್ಮೆಯ ಬೆನ್ನಿಗೆ ಬಿದ್ದ ಕರುವಿನಂತೆ ಬಸ್ಸಿನ ಹಿಂದೆಯೇ ನಿಂತಿತ್ತು.

ಪ್ರಚಾರದ ಉಸ್ತುವಾರಿ ಹೊತ್ತಿದ್ದ ಸಾನಿಯಾ ದುರಗೇಶನನ್ನು ಅಡಿಯಿಂದ ಮುಡಿತನಕ ನೋಡಿದಳು. "ಸಾಹೇಬ್ರ ಬಾಜೂಕ ನೀವು ಕುಂದ್ರಬೇಕ್ರಿ. ಆದ್ರ ಇಷ್ಟು ಚಲೋ ಅಂಗಿ ನಡಿಯಂಗಿಲ್ಲ."

"ನಾ ಹೆಣ್ಣ ನೋಡಾಕ ಹೊಂಟೇನ್ರಿ!"

"ಹತ್ತ ನಿಮಿಷರಿ. ಆಮ್ಯಾಲ ವಾಪಸ್ ಕೊಡ್ತೇವಿ."

ದುರಗೇಶ ದಿಕ್ಕುಗಾಣದೆ ಶಂಕ್ರವ್ವನತ್ತ ನೋಡಿದ. ಅವಳಾಗಲೇ ಕ್ಯಾಮೆರಾ ಕಡೆ ತಿರುಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. "ಕೊಡೋ ತಮ್ಮಾ, ಟಿವ್ಯಾಗ ಬರ್ತೀವಿ!"

ಹೊಸ ಅಂಗಿ ಸಾಹೇಬರ ಕಾರು ಸೇರಿತು, ಮೂರು ಕಡೆ ಗಾಳಿಯಾಡುವ ಅಂಗಿಯೊಂದು ಅವನ ಮೈಗೇರಿತು. ತಲೆಗೆ ಒಂದು ಹಿಡಿ ಧೂಳೂ ಬಿತ್ತು. ಎರಡು ದಿನದಿಂದ ಉಂಡಿಲ್ಲ ಎನ್ನಬೇಕೆಂದು ಸಾನಿಯಾ ಬಾಯಿಪಾಠ ಮಾಡಿಸಿದಳು.

ಸಾಹೇಬರು ಬಂದು ಅವನನ್ನು ತಬ್ಬಿಕೊಂಡರು. "ಸಹೋದರ, ನಿನ್ನ ಕಷ್ಟವೇನು?"

ದುರಗೇಶನ ಕಣ್ಣು ಗಡಿಯಾರದ ಮೇಲಿತ್ತು. "ಬಸ್ ಲಗೂ ಬಿಡ್ರಿ, ಸಾಹೇಬ್ರ."

"ಇನ್ನೊಮ್ಮೆ!" ಎಂದು ಸಾನಿಯಾ ಕೂಗಿದಳು.

ಬಸ್ಸೇನೋ ಹೊರಟಿತು. ಆದರೆ ಜಕ್ಕಲಿಯಲ್ಲಿ ಹಾರಕ್ಕೆ ನಿಂತಿತು. ಮುಂದೊಂದು ಕಡೆ ಮಿರ್ಚಿ ಮಂಡಕ್ಕಿಗೆ ನಿಂತಿತು. ಸಾಹೇಬರು ಮಿರ್ಚಿಯ ತುದಿ ಕಚ್ಚಿ ಕಣ್ಣೀರು ಸುರಿಸಿದರು. ಕ್ಯಾಮೆರಾದವನಿಗೆ ಅದು ಸರಿಬರಲಿಲ್ಲ. ನಾಲ್ಕು ಸಲ ಹೊಸ ಮಿರ್ಚಿ ಬಂದವು, ನಾಲ್ಕು ಸಲವೂ ಉಳಿದದ್ದನ್ನು ದುರಗೇಶ ತಿಂದು ಮುಗಿಸಬೇಕಾಯಿತು. ಆಮೇಲೆ ಅವನು ತೇಗುತ್ತ, "ಎರಡ ದಿನಾ ಆತ್ರಿ, ಉಂಡಿಲ್ಲ" ಎಂದ.

ಶಂಕ್ರವ್ವನಿಗೆ ತಡೆಯಲಾಗಲಿಲ್ಲ. "ಸುಳ್ಳರೀ! ಮುಂಜಾನೆ ಮೂರ ರೊಟ್ಟಿ ತಿಂದಾನ. ಇವನ ಕಷ್ಟ ಬ್ಯಾರೇನ ಐತಿ. ಇವಗ ಯಾರೂ ಹೆಣ್ಣ ಕೊಡವಲ್ರು!"

ಬಸ್ಸಿಗೆ ಬಸ್ಸೇ ನಕ್ಕಿತು. ದುರಗೇಶನಿಗೆ ಸೀಟಿನ ಕೆಳಗೆ ಹೊಕ್ಕುಬಿಡೋಣ ಎನ್ನಿಸಿತು. ಸಾಹೇಬರು ಮಾತ್ರ ಎದ್ದುನಿಂತು ಎದೆ ತಟ್ಟಿಕೊಂಡರು. "ಈ ಸಹೋದರನ ಮದುವೆ ನನ್ನ ಜವಾಬ್ದಾರಿ! ನಾನು ಗೆದ್ದ ಮರುದಿನವೇ ಮುಹೂರ್ತ. ಬಂಗಾರದ ತಾಳಿಯೂ ನನ್ನದೇ!"

ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಅಲ್ಲಿಯೇ ಇಳಿದು ಕಾರು ಹತ್ತಿದರು. ಅದರೊಳಗಿದ್ದ ದುರಗೇಶನ ಹೊಸ ಅಂಗಿಯೂ ಅವರ ಜೊತೆ ಹೋಯಿತು.

ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಮೂರು ಹೊಡೆದಿತ್ತು. ಹೆಣ್ಣಿನ ತಂದೆ ಮಾಳಿಂಗರಾಯ ಕೈಯಲ್ಲಿ ಮೊಬೈಲ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ದುರಗೇಶ ಹರಕು ಅಂಗಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು, "ಅದು ಏನಾತಂದ್ರ..." ಎಂದು ತೊದಲಿದ.

"ಎಲ್ಲಾ ಮೊಬೈಲ್‌ನ್ಯಾಗ ನೋಡೇನಿ, ಒಳಗ ಬರ್ರಿ ಅಳಿಯಂದ್ರ!"

ಅಳಿಯಂದಿರು! ದುರಗೇಶನ ಕಿವಿ ತಂಪಾಯಿತು. ಚಹಾ ತಂದ ಮಗಳು ದೇವಿಕಾ ನಗು ತಡೆಯುತ್ತ, "ಭಾಳ ಹಸದಿರಬೇಕಲ್ರಿ?" ಎಂದಳು. ಅವಳಿಗೆ ಒಪ್ಪಿಗೆ. ಅವನಿಗಂತೂ ಚಹಾಕ್ಕೆ ಸಕ್ಕರೆಯೇ ಬೇಕಾಗಲಿಲ್ಲ.

"ಹಂಗಾದ್ರ ಬರೂ ತಿಂಗಳಾ ಲಗ್ನಾ ಮಾಡೋಣೇನ್ರಿ?" ಎಂದ ಧೈರ್ಯ ಮಾಡಿ.

"ಮುಹೂರ್ತ ಸಾಹೇಬ್ರ ಇಟ್ಟಾರಲ್ಲ, ಅವರು ಗೆದ್ದ ಮರುದಿನ! ಬಂಗಾರದ ತಾಳಿ ಯಾರ ಬಿಡ್ತಾರ್ರಿ?" ಎಂದ ಮಾಳಿಂಗರಾಯ.

"ಎಲೆಕ್ಷನ್ ಇನ್ನೂ ಎರಡ ವರ್ಷ ಐತ್ರೀ!"

"ಮೂವತ್ನಾಲ್ಕ ವರ್ಷ ತಡದೀರಿ. ಇನ್ನೆರಡ ಏನ ಭಾಳ?"

"ಅವರು ಸೋತ್ರ?"

ಮಾಳಿಂಗರಾಯ ಮೊಬೈಲನ್ನು ಜೇಬಿಗಿಳಿಸಿದ. "ಸೋಲದಂಗ ನೀವ ನೋಡ್ಕೋರಿ."

ಮರುದಿನ ಬೆಳಿಗ್ಗೆ ದುರಗೇಶ ಅಂಗಡಿಗೆ ಬೀಗ ಹಾಕಿ, ರಾಜವರ್ಧನ ಸಾಹೇಬರ ಪಕ್ಷದ ಧ್ವಜ ಹಿಡಿದು ಓಣಿಗಿಳಿದ. ಮೊದಲು ಬಡಿದದ್ದು ಪಕ್ಕದ ಮನೆಯ ಬಾಗಿಲು.

"ಶಂಕ್ರಕ್ಕಾ, ನಿನ್ನ ಓಟು ಸಾಹೇಬ್ರಿಗೇ ಹೌದಲ್ಲ?"

ಶಂಕ್ರವ್ವ ಅವನನ್ನೂ ಧ್ವಜವನ್ನೂ ಒಮ್ಮೆ ನೋಡಿದಳು.

"ಮಾತ ಕೊಡಾಕ ಆಗಂಗಿಲ್ಲೋ ತಮ್ಮಾ. ಬಸ್ಸಿನ್ಯಾಗ ನಿನ್ನ ಅಂಗೀನ ಹೊಡಕೊಂಡ ಹ್ವಾದ ಮನಷ್ಯಾನ್ನ ಹ್ಯಾಂಗ ನಂಬೂದು?"