ಗಂಜಿ ಹಚ್ಚಿದ ಮಾರಿ

ಕೃಷ್ಣಾ ಹೊಳ್ಯಾಗ ಮೊಸಳಿ ಬಾಲ ಹಿಡಿದು ದಂಡಿಗೆ ಎಳದಾಂವ ನಾನು. ಆದ್ರ ಕನ್ನಡಿ ಮುಂದ ಕುಂತಾಗೆಲ್ಲ ಏನರೆ ಒಂದು ಫಜೀತಿ ಆಗೇ ಆಗತಿತ್ತು. ಹೇಳಾಕ ಈಗೂ ತೆಲಿ ತಗ್ಗತೈತಿ.

ನಿಜಾಮನ ಕಡಿ ದಿನಗಳು. ದೇವದುರ್ಗದಿಂದ ರಾಯಚೂರ ಗಿರಣಿಗೆ ಹತ್ತಿ ಬಂಡಿ ಹೊಡೀತಿದ್ದೆ. ನಲವತ್ತು ದಾಟಿತ್ತು, ಬಿಸಲಿಗೆ ಮಾರಿ ತುಂಬ ಸುಕ್ಕು. ಮಗಳಿಗೆ ಸಂಬಂಧ ತಂದಾಂವ ಕಟ್ಟಿ ಮ್ಯಾಲೆ ಕುಂತ ನನ್ನ ಕೇಳಿದ, "ಯಜ್ಜಾ, ಹುಡುಗಿ ಅಪ್ಪ ಎಲ್ಲದಾನ?"

"ನಾನ ಅಪ್ಪ!"

ನಗು ನುಂಗಿಕೊಂಡು ಹೇಳಿದ, "ಸೋಮವಾರ ರಾಯಚೂರಿಂದ ನೋಡಾಕ ಬರ್ತಾರ. ಗಂಭೀರ ಮಂದಿ. ಇಂಥಾ ಮನಿ ಮತ್ತ ಸಿಗಂಗಿಲ್ಲ."

ಹೇಂತಿಗೆ ಮಗಳ ಚಿಂತಿ. ನನಗ ಆ 'ಯಜ್ಜಾ'ನ ಚಿಂತಿ.

ಔಡಲೆಣ್ಣಿ

ಮಾರಿಗೆ ಹಚ್ಚೋ ಸ್ನೋ ಡಬ್ಬಿ ಸಾಹುಕಾರ್ರ ಸಾಮಾನು. ನಾ ಸುಕ್ಕು ಹೋಗಲಂತ ಮಾರಿಗೆ ಔಡಲೆಣ್ಣಿ ದಪ್ಪಗ ಬಳಕೊಂಡು ಬಂಡಿ ಹೂಡಿದೆ. ಗಿರಣ್ಯಾಗ ಹಾರಾಕತ್ತಿದ್ದ ಹತ್ತಿ ಅರಳಿ ಎಲ್ಲಾ ನನ್ನ ಮಾರಿಗೇ ಬಂದು ಕುಂತಿತು. ಹಮಾಲ ಓಡಿ ಬಂದು ಕೈ ಹಿಡಿದ.

"ಮುತ್ಯಾ, ಸಾವಕಾಶ ಇಳೀರಿ. ಈ ವಯಸ್ಸಿನ್ಯಾಗ ಬಂಡಿ ಹೊಡೀತೀರಿ, ಮಕ್ಕಳು ಅನ್ನ ಹಾಕಂಗಿಲ್ಲೇನು?"

ಗಲ್ಲ ಮುಟ್ಟಿ ನೋಡಕೊಂಡೆ. ಗೇಣುದ್ದ ಬಿಳಿ ಗಡ್ಡ!

ಕಡ್ಲಿ ಹಿಟ್ಟು

ಮರುದಿನ ಕಡ್ಲಿ ಹಿಟ್ಟು, ಕೆನಿ, ಬೆಲ್ಲ ಕಲಸಿ ಬಳಕೊಂಡೆ. ಹೇಂತಿ ನೋಡಬಾರದಂತ ದನದ ಕೊಟ್ಟಿಗ್ಯಾಗ ಅಡಗಿ ಮಲಗಿದೆ. ಕಣ್ಣು ಹತ್ತಿದ್ದ ತಡ, ಎತ್ತು ನೆಕ್ಕಾಕ ಶುರು ಮಾಡಿತು. ಎತ್ತಿನ ನಾಲಗಿ ಅಂದ್ರ ಕಮ್ಮಾರನ ಅರ! ನಾ ಚೀರಿದ್ದಕ್ಕ ಹೇಂತಿ ಓಡಿ ಬಂದಳು.

"ಎತ್ತಿಗೆ ಹಿಂಡಿ ಹಾಕ್ರೀ ಅಂದ್ರ ನಿಮ್ಮ ಮಾರೀನ ಹಾಕೀರೇನು?"

ಗಂಜಿ

ಸೋಮವಾರ ಬಂತು. ಅಗಸ ಧೋತರಕ್ಕ ಗಂಜಿ ಹಾಕಿ ಸುಕ್ಕು ಬಿಡಸ್ತಾನ. ಧೋತರದ್ದು ಹೋಗತದಂದ್ರ ಮಾರೀದು ಯಾಕ ಹೋಗಬಾರದು? ಅಕ್ಕಿ ಗಂಜಿ ಗಟ್ಟಿಗೆ ಬಳಕೊಂಡು ಬಿಸಲಾಗ ಕುಂತೆ. ಒಣಗಿ ಮಾರಿ ಹಲಗಿಯಂಗ ಬಿಗೀತು. ಸುಕ್ಕು ಮಾಯ!

ಬೀಗರಾಗೋರು ಬಂದರು. "ಬರ್ರಿ" ಅನ್ನಾಕ ಹೋದ್ರ ತುಟಿ ಬಿಚ್ಚವಲ್ದು. ಹುಡುಗನ ಅಪ್ಪ ಏನು ಕೇಳಿದ್ರೂ ಗೋಣು ಹಾಕಿದೆ, ಅಷ್ಟ. ಸಂಬಂಧ ಹೋತು ಅಂತ ಬಾಗಲ ಹಿಂದ ಮಗಳು ಕಣ್ಣೀರು ಒರಸಾಕತ್ತಿದ್ದಳು.

ಏಳುವಾಗ ಅವರು ಅಂದರು, "ಹೆಣ್ಣು ಒಪ್ಪಿಗಿ. ಬೀಗರಂದ್ರ ಹಿಂಗಿರಬೇಕು, ಒಂದು ಮಾತು ಹೆಚ್ಚಿಲ್ಲ. ಬಡಾಯಿ ಮಂದಿ ಮನಿ ಹೆಣ್ಣು ನಾವು ತರಂಗಿಲ್ಲ."

ಅವರು ಹ್ವಾದ ಮ್ಯಾಲೆ ಹೇಂತಿ ಅಂದಳು, "ಇಪ್ಪತ್ತು ವರ್ಷದಾಗ ಒಂದಿನ ಬಾಯಿ ಮುಚ್ಚಿದ್ರಿ, ಮಗಳ ಲಗ್ನ ಗಟ್ಟಿ ಆತು."

ಅಣ್ಣ

ಮುಂದ ಮಾನವಿ ಸಂತ್ಯಾಗ, ಮಾರಿ ತೊಳಕೊಂಡು, ಮಂದಿ ಕೂಡಿಸಿ ಮೊಸಳಿ ಕತಿ ಹೇಳಾಕತ್ತಿದ್ದೆ. ಅಲ್ಲಿ ಬೀಗರೂ ನಿಂತಿದ್ದರಂತ, ನನಗ ಗೊತ್ತಾಗಲಿಲ್ಲ. ವಾರದಾಗ ಲಗ್ನದ ಮಾತಿಗೆ ಮನಿಗೆ ಬಂದರು. ಮಾರಿಗೆ ಗಂಜಿ ಇಲ್ಲಂತ ನಾ ಒಳಗ ಅಡಗಿದೆ.

"ತಂಗೆವ್ವಾ," ಅಂದರು ನನ್ನ ಹೇಂತಿಗೆ, "ಸಂತ್ಯಾಗ ಒಬ್ಬ ಬಡಾಯಿ ಮುದುಕನ್ನ ನೋಡಿದೆ. ಮೊಸಳಿ ಎಳದಿದ್ನಂತ. ನಿಮ್ಮ ಯಜಮಾನರ ಹೋಲಿಕಿ ಇತ್ತು. ಯಾರಂವ?"

ನಾ ಬಾಗಲ ಸಂದ್ಯಾಗಿಂದ ಹಿಂದಕ್ಕ ಸರದೆ. ಹೇಂತಿ ಮಾತ್ರ ತಡೀಲಿಲ್ಲ.

"ನಮ್ಮನಿಯವರ ಅಣ್ಣರೀ. ಅವರಿಗೂ ನಮಗೂ ಮಾತಿಲ್ಲ."

ಲಗ್ನದ ದಿನ ಮುಂಜಾನಿ ಹೇಂತೀನ ಗಂಜಿ ಗಡಗಿ ತಂದಿಟ್ಟಳು. ಮಗಳು ಅರಿಷಿಣದ ಕೈಲೆ ನನ್ನ ಮಾರಿಗೆ ಬಳದಳು. ನಗಲಿಲ್ಲ. "ಯಪ್ಪಾ, ಇವತ್ತೊಂದಿನ," ಅಂದಳು. ಮೊಸಳಿ ಎಳದಾಂವ ಆಕಿ ಕಣ್ಣಾಗ ಕಣ್ಣಿಟ್ಟು ನೋಡಲಿಲ್ಲ.

ಮದುಮಕ್ಕಳ ತೆಲಿಗೆ ಅಕ್ಕಿಕಾಳು ಬಿದ್ದ ಮ್ಯಾಲೆ ಬೀಗರು ಬಂದು ಕಿವ್ಯಾಗ ಕೇಳಿದರು, "ನಿಮ್ಮ ಅಣ್ಣ ಬರಲಿಲ್ಲಲ್ರೀ? ಛಲೋ ಆತು ಬಿಡ್ರಿ!"

ನಾನು ಗೋಣು ಹಾಕಿದೆ.